ತನಿಖೆಗೆ ಮೊದಲೇ ಬರೆದ ತೀರ್ಪು



ಭಯೋತ್ಪಾದನೆಯನ್ನು ಕುರಿತು ಟಿ.ವಿ.ಯಲ್ಲಿ ಚರ್ಚೆ ನಡೆಯುವಾಗ ಪರದೆಯ ಕೆಳಭಾಗದಲ್ಲಿ ಎರಡು ಸಾಲು ಮೂಡುವುದನ್ನು ನೀವು ನೋಡಿದ್ದೀರಿ. ಮೊದಲ ಸಾಲು ಮಾತನಾಡುವವರ ಹೆಸರು. ಎರಡನೆಯದು ಅವರ ಸಂಸ್ಥೆಯ ಹೆಸರು: ಇಂಥ ಅಧ್ಯಯನ ಕೇಂದ್ರ, ಇಂಥ ಸಂಶೋಧನಾ ಪ್ರತಿಷ್ಠಾನ. ಈ ಎರಡನೆಯ ಸಾಲನ್ನು ಓದಿದೊಡನೆ ಮಾತಿಗೆ ತೂಕ ಬರುತ್ತದೆ. ನಿರ್ಮಾಪಕನಾಗಿ ಆ ಸಾಲನ್ನು ಹಾಕಿಸುವವನು ನಾನು. ಆ ಸಂಸ್ಥೆಗೆ ಹಣ ಯಾರು ಕೊಡುತ್ತಾರೆ, ಮಾಹಿತಿ ಎಲ್ಲಿಂದ ಬರುತ್ತದೆ, ಯಾವ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ ಎಂಬುದಕ್ಕೆ ಪರದೆಯಲ್ಲಿ ಮೂರನೆಯ ಸಾಲಿಲ್ಲ. ಈ ಲೇಖನ ಆ ಮೂರನೆಯ ಸಾಲನ್ನು ಕುರಿತದ್ದು.

ಇದು ದೆಹಲಿ, ವಾಷಿಂಗ್ಟನ್‌ಗಳ ವಿಚಾರ, ನಮ್ಮ ಗದಗ ಸೀಮೆಗೆ ಇದರಿಂದ ಏನಾಗಬೇಕು ಎಂದು ನೀವು ಕೇಳಬಹುದು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂಬ ನಾಲ್ಕು ಊರುಗಳ ಈ ನಾಡು ಇಂಥ ಅಧ್ಯಯನದ ಗುರಿಯಾಗಿ ನೂರೈವತ್ತು ವರ್ಷಗಳು ದಾಟಿವೆ. ಆ ಅಧ್ಯಯನದ ಬಿಸಿ ತಾಗಿದ ಮನೆಗಳು ಇಂದಿಗೂ ಇಲ್ಲಿವೆ.

ಹಮ್ಮಿಗಿಯ ಆಯುಧಗಳು

1857ರಲ್ಲಿ ಉತ್ತರ ಭಾರತದಲ್ಲಿ ಸಿಪಾಯಿಗಳು ತಿರುಗಿಬಿದ್ದ ಮೇಲೆ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆಯನ್ನು ತಂದಿತು. ಜನರು ತಮ್ಮ ಆಯುಧಗಳನ್ನು ಒಪ್ಪಿಸಬೇಕು ಅಥವಾ ನೋಂದಾಯಿಸಬೇಕು ಎಂಬುದು ಅದರ ಸಾರ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧವೇ ಅವರ ಜೀವನೋಪಾಯ, ಆಯುಧವೇ ಅವರ ಮಾನ. ಅದೇ ವರ್ಷ ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ಮುತ್ತಿಗೆ ಹಾಕಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು.

ಆರು ತಿಂಗಳ ನಂತರ ಅದೇ ಕಿಡಿ ತುಂಗಭದ್ರೆಯ ದಂಡೆಗೆ ಬಂತು. ಹಮ್ಮಿಗಿಯ ಕೆಂಚನಗೌಡರ ಕಡೆ ಬಚ್ಚಿಟ್ಟಿದ್ದ ಆಯುಧಗಳು ಸರ್ಕಾರಿ ನೌಕರರ ಕಣ್ಣಿಗೆ ಬಿದ್ದವು. ಅವುಗಳ ಮೇಲೆ ಕಾವಲು ಕೂತಿತು. ಹಿಂದೆ ಕಂಪನಿ ಸರ್ಕಾರದ ಸೇವೆಯಲ್ಲಿದ್ದ ಮುಂಡರಗಿಯ ಭೀಮರಾಯರು 1858ರ ಮೇ 24ರಂದು ಹಮ್ಮಿಗಿಗೆ ಬಂದು ಆ ಕಾವಲನ್ನು ಮುರಿದರು. ಮುಂದೆ ಡಂಬಳದ ಖಜಾನೆ ಲೂಟಿಯಾಯಿತು. ದಂಡು ಗದಗಿನತ್ತ ನಡೆಯಿತು, ಅಲ್ಲಿಂದ ಕೊಪ್ಪಳದ ಕೋಟೆ ಸೇರಿತು. ಜೂನ್ 1ರಂದು ಕರ್ನಲ್ ಹ್ಯೂಸ್‌ನ ಪಡೆ ಕೋಟೆಗೆ ನುಗ್ಗಿತು. ಭೀಮರಾಯರೂ ಕೆಂಚನಗೌಡರೂ ಅಲ್ಲಿಯೇ ಬಿದ್ದರು. ಸೆರೆಸಿಕ್ಕ ಹಲವರಿಗೆ ಮರಣದಂಡನೆಯಾಯಿತು. ಈ ನಡುವೆ ಮೇ 29ರ ರಾತ್ರಿ ನರಗುಂದದ ಬಾಬಾಸಾಹೇಬರ ಜನ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್‌ನನ್ನು ಕೊಂದಿದ್ದರು. ಬಾಬಾಸಾಹೇಬರನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಈ ಘಟನೆಗಳ ವರದಿಯನ್ನು ಬರೆದವರು ಯಾರು? ಬಹುಪಾಲು ದಂಗೆಯನ್ನು ಅಡಗಿಸಿದ ಅಧಿಕಾರಿಗಳೇ. 1884ರಲ್ಲಿ ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಧಾರವಾಡ ಜಿಲ್ಲೆಯ ಗೆಜೆಟಿಯರ್ ಬಂದಾಗ ಅದೇ ವರದಿ ಇತಿಹಾಸವಾಯಿತು. ಅದರಲ್ಲಿ ದಿನಾಂಕಗಳು ಸರಿ ಇವೆ, ದಾರಿಗಳು ಸರಿ ಇವೆ. ಆದರೆ ದಂಗೆಗೆ ಕಾರಣವನ್ನು ದಂಗೆಯೆದ್ದವರ ಸ್ವಭಾವದಲ್ಲಿ ಹುಡುಕುವ ಕಡತಕ್ಕೆ ತನ್ನದೇ ಸರ್ಕಾರದ ಕೃತ್ಯಗಳು ಚಿಕ್ಕದಾಗಿ ಕಾಣುತ್ತವೆ.

ಆ ಕೃತ್ಯಗಳಲ್ಲಿ ಒಂದು ಇನಾಂ ಕಮಿಷನ್. ಇನಾಂ ಭೂಮಿಗಳ ಹಕ್ಕನ್ನು ಪರಿಶೀಲಿಸಲು 1852ರ ಕಾಯ್ದೆ ಅದಕ್ಕೆ ಅಧಿಕಾರ ಕೊಟ್ಟಿತ್ತು. ಹಕ್ಕು ಉಂಟೆಂದು ಸಾಧಿಸುವ ಹೊರೆ ಭೂಮಿ ಉಳ್ಳವನ ಮೇಲೆ. ಅಜ್ಜನ ಕಾಲದ ಸನದು ಗೆದ್ದಲು ತಿಂದಿದ್ದರೆ ಭೂಮಿ ಸರ್ಕಾರಕ್ಕೆ. ಭೂಮಿ ಸೇರಿದರೆ ಕಂದಾಯ ಪಡೆಯುವವರೂ ಅವರೇ, ದಾಖಲೆ ಸಾಲದು ಎಂದು ತೀರ್ಮಾನಿಸುವವರೂ ಅವರೇ! ಸುರೇಬಾನದಲ್ಲಿ ಸತ್ತ ಮ್ಯಾನ್ಸನ್ ಹಿಂದೆ ಈ ಕಮಿಷನ್ನಿನಲ್ಲಿ ದುಡಿದವನು. ದಕ್ಷಿಣ ಮರಾಠಾ ಸೀಮೆಯ ಅಸಮಾಧಾನಕ್ಕೆ ಈ ಕಮಿಷನ್ ಕಾರಣವೆಂದು ಇಂಗ್ಲಿಷರಲ್ಲಿಯೇ ಕೆಲವರು ಬರೆದರು. ಅಂದರೆ ಸತ್ಯ ಅಂದಿನ ಸರ್ಕಾರಕ್ಕೆ ಗೊತ್ತಿರಲಿಲ್ಲವೆಂದಲ್ಲ, ಕಡತದಲ್ಲಿ ಅದಕ್ಕೆ ಹಿಂದಿನ ಸಾಲು ಸಿಕ್ಕಿತ್ತು.

ಇನ್ನೊಂದು ಬಗೆಯ ದಾಖಲೆಯೂ ಉಳಿಯಿತು. ಹಲಗಲಿಯ ಬೇಡರ ಮೇಲೆ ಜನ ಲಾವಣಿ ಕಟ್ಟಿ ಹಾಡಿದರು. ಅದನ್ನು ಸಂಗ್ರಹಿಸಿ 1885ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್, ಅದೇ ಸರ್ಕಾರದ ಅಧಿಕಾರಿ. ಕಡತ ದಂಗೆಯಿಂದ ಆರಂಭಿಸಿದರೆ ಲಾವಣಿ ಆಯುಧ ಕಸಿಯುವ ಹುಕುಮಿನಿಂದ ಆರಂಭಿಸುತ್ತದೆ. ಎಲ್ಲಿಂದ ಎಣಿಸಲು ತೊಡಗುತ್ತೀರಿ ಎಂಬುದರ ಮೇಲೆ ತಪ್ಪು ಯಾರದೆಂಬುದು ಅರ್ಧ ತೀರ್ಮಾನವಾಗಿಬಿಡುತ್ತದೆ.

ತಲೆಬುರುಡೆಯಿಂದ ಕೈಪಿಡಿಗೆ

ಹಿಂಸೆಯನ್ನು ‘ಅಧ್ಯಯನ’ ಮಾಡುವುದಕ್ಕೆಂದೇ ಸರ್ಕಾರ ಒಂದು ಇಲಾಖೆ ಕಟ್ಟಿದ್ದು ಇದಕ್ಕೂ ಮೊದಲು. ಸ್ಲೀಮನ್‌ನ ನೇತೃತ್ವದ ಠಗ್ಗಿ ಇಲಾಖೆ 1830ರ ದಶಕದಲ್ಲಿ ಹುಟ್ಟಿತು. ಮಾಫಿ ಸಾಕ್ಷಿಗಳ ಹೇಳಿಕೆಗಳಿಂದ ಅದು ಠಗ್ಗರ ನಿಘಂಟು ರಚಿಸಿತು, ವಂಶವೃಕ್ಷಗಳನ್ನು ಬರೆಯಿತು. ಏಳು ಠಗ್ಗರ ತಲೆಬುರುಡೆಗಳು ಎಡಿನ್‌ಬರೋದ ವಿದ್ವಾಂಸರ ಕೈಗೆ ಹೋದವು. ತಲೆಯ ಉಬ್ಬುತಗ್ಗುಗಳಲ್ಲಿ ಗುಣ ಕಾಣುತ್ತದೆಂಬ ಅಂದಿನ ‘ವಿಜ್ಞಾನ’ ಅವನ್ನು ಅಳೆಯಿತು. ಬುರುಡೆ ಯಾರದೆಂದು ಮೊದಲೇ ಗೊತ್ತಿದ್ದ ಅಳತೆ ಅದು. ದಾರಿಗಳ್ಳತನ, ಕೊಲೆ ನಿಜವಾಗಿ ನಡೆಯುತ್ತಿದ್ದವು. ಆದರೆ ಶಿಕ್ಷೆಯಿಂದ ಉಳಿಯಲು ಹೇಳಿಕೆ ಕೊಟ್ಟವನ ಮಾತು ಒಂದು ಸಮುದಾಯದ ಸ್ವಭಾವಕ್ಕೆ ಪುರಾವೆಯಾದದ್ದು ಅಲ್ಲಿಯೇ. 1904ರಲ್ಲಿ ಆ ಇಲಾಖೆ ಮುಚ್ಚಿ ಅದರ ಜಾಗದಲ್ಲಿ ಕೇಂದ್ರ ಅಪರಾಧ ಗುಪ್ತಚಾರ ಇಲಾಖೆ ಬಂತು. ಇಂದಿನ ಗುಪ್ತಚಾರ ವಿಭಾಗದ ಬೇರು ಅದು.

1908ರಲ್ಲಿ ಮುಂಬಯಿ ಪ್ರಾಂತದ ಪೊಲೀಸ್ ಅಧಿಕಾರಿ ಮೈಕೆಲ್ ಕೆನಡಿ ‘ಅಪರಾಧಿ ವರ್ಗ’ಗಳ ಮೇಲೆ ಒಂದು ದಪ್ಪ ಕೈಪಿಡಿ ಹೊರತಂದರು. ನಮ್ಮ ಭಾಗದ ಲಂಬಾಣಿ, ಹರಣಶಿಕಾರಿ, ಗಂಟಿಚೋರ ಮೊದಲಾದ ಸಮುದಾಯಗಳು ಅದರಲ್ಲಿವೆ. ಬೇಡರೂ ಇದ್ದಾರೆ. ಅರ್ಧ ಶತಮಾನದ ಹಿಂದೆ ಒಂದು ಕಾಯ್ದೆಯನ್ನು ಧಿಕ್ಕರಿಸಿ ಗಲ್ಲಿಗೇರಿದವರ ಕುಲ ಈಗ ಹುಟ್ಟು ಕಳ್ಳರ ಪಟ್ಟಿಯಲ್ಲಿ! ರಾಜಕೀಯ ಪ್ರತಿಭಟನೆ ರಕ್ತದ ದೋಷವಾಗಿ ಬದಲಾದ ಬಗೆ ಇದು. ಪ್ರತಿಭಟನೆಗೆ ಕಾರಣ ಕೇಳಬೇಕಾಗುತ್ತದೆ, ರಕ್ತದ ದೋಷಕ್ಕೆ ಕೇಳಬೇಕಾಗಿಲ್ಲ.

ಲಂಬಾಣಿಗರ ಸಂಗತಿಯನ್ನೇ ನೋಡಿ. ಎತ್ತಿನ ಹೇರುಗಳ ಮೇಲೆ ಉಪ್ಪು, ಧಾನ್ಯ ಸಾಗಿಸುತ್ತಿದ್ದ ವ್ಯಾಪಾರಿಗಳು ಅವರು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. 1880ರ ದಶಕದಲ್ಲಿ ಗದಗಿಗೆ ರೈಲು ಬಂತು. ಹೇರಿನ ವ್ಯಾಪಾರ ನೆಲಕಚ್ಚಿತು. ಮದ್ರಾಸ್ ಪ್ರಾಂತದ ಕೊರವರ ಉಪ್ಪಿನ ವ್ಯಾಪಾರ ಹೀಗೆಯೇ ಹಾಳಾದುದನ್ನು ಮೀನಾ ರಾಧಾಕೃಷ್ಣ 2001ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಪೊಲೀಸ್ ಕೈಪಿಡಿಗೆ ಈ ಅರ್ಥಶಾಸ್ತ್ರ ಬೇಕಿರಲಿಲ್ಲ. ಅದರ ಕಣ್ಣಿಗೆ ಕಂಡದ್ದು ಅಲೆದಾಟ ಮಾತ್ರ.

ಆ ಅಲೆದಾಟವೂ ನಮ್ಮ ಸೀಮೆಯಲ್ಲಿ ಬೇಗನೆ ಅನುಮಾನ ಹುಟ್ಟಿಸುವಂಥದು. ಗದಗ ಬ್ರಿಟಿಷರದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು, ಕೊಪ್ಪಳ ನಿಜಾಮನದು. ಗದಗಿನ ಸಂತೆ ಮುಗಿಸಿ ಲಕ್ಷ್ಮೇಶ್ವರದ ಸಂತೆಗೆ ಹೊರಟವನು ಒಂದೇ ದಿನದಲ್ಲಿ ಒಂದು ರಾಜ್ಯ ಬಿಟ್ಟು ಇನ್ನೊಂದನ್ನು ಸೇರುತ್ತಿದ್ದ. ಅವನಿಗೆ ಅದು ಸಂತೆಯ ದಾರಿ, ಕಡತಕ್ಕೆ ಅದು ಗಡಿ ದಾಟಿ ತಪ್ಪಿಸಿಕೊಳ್ಳುವ ಚಾತುರ್ಯ.

ಸೆಟ್ಲಮೆಂಟ್

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು 1911ರಲ್ಲಿ ಹಿಗ್ಗಿಸಿ ಮುಂಬಯಿ ಪ್ರಾಂತಕ್ಕೂ ಅನ್ವಯಿಸಿದರು. ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿಯ ಉಸ್ತುವಾರಿಯಲ್ಲಿ ವಿಜಾಪುರ, ಸೊಲ್ಲಾಪುರ, ಹುಬ್ಬಳ್ಳಿ, ಗದಗ ಮೊದಲಾದೆಡೆ ವಸಾಹತುಗಳು ಎದ್ದವು. ಗದಗ-ಬೆಟಗೇರಿಯಲ್ಲಿ ಇಂದಿಗೂ ಜನರ ಬಾಯಲ್ಲಿರುವ ‘ಸೆಟ್ಲಮೆಂಟ್’ ಎಂಬ ಹೆಸರು ಅಲ್ಲಿಂದ ಬಂದದ್ದು. ಹೊತ್ತಿಗೆ ಸರಿಯಾಗಿ ಹಾಜರಿ ಕೊಡಬೇಕು. ಹೊರಗೆ ಹೋಗಲು ಪಾಸು ಬೇಕು. ಆರು ವರ್ಷ ದಾಟಿದ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಸುಧಾರಣಾ ಶಾಲೆಗೆ ಸೇರಿಸಲು ಕಾಯ್ದೆ ಅಧಿಕಾರ ಕೊಟ್ಟಿತ್ತು.

ವಿಜ್ಞಾನದ ಪದವೀಧರನಾದ ನನಗೆ ಈ ವ್ಯವಸ್ಥೆಯಲ್ಲಿ ಎದ್ದು ಕಾಣುವ ಅಂಶ ಒಂದಿದೆ. ಹಾಜರಿ ತಪ್ಪಿಸಿದರೆ ಅದೇ ಅಪರಾಧ. ಪಾಸಿಲ್ಲದೆ ನೆಂಟರ ಮನೆಗೆ ಹೋದರೆ ಅದೂ ಅಪರಾಧ. ಬೇರೆ ಯಾರು ಮಾಡಿದರೂ ತಪ್ಪಲ್ಲದ ಕೆಲಸವನ್ನು ಇವರು ಮಾಡಿದರೆ ಶಿಕ್ಷೆ. ಶಿಕ್ಷೆಯಾದವರ ಸಂಖ್ಯೆ ವರ್ಷದ ವರದಿಗೆ ಸೇರುತ್ತದೆ. ವರದಿ ಓದಿದವರು ‘ನೋಡಿ, ಈ ಜನರಲ್ಲಿ ಎಷ್ಟೊಂದು ಅಪರಾಧ!’ ಎಂದು ಕಾಯ್ದೆಯನ್ನು ಇನ್ನಷ್ಟು ಬಿಗಿಗೊಳಿಸಲು ಸಲಹೆ ಕೊಡುತ್ತಾರೆ. ಹೀಗೆ ಕಾಯ್ದೆ ತನಗೆ ಬೇಕಾದ ಪುರಾವೆಯನ್ನು ತಾನೇ ಬೆಳೆದುಕೊಳ್ಳುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ಶೂನ್ಯ ದೋಷ ಎನ್ನುತ್ತೇವೆ. ಗದಗಿನ ಪೇಟೆಯ ಭಾಷೆಯಲ್ಲಿ ಹೇಳುವುದಾದರೆ, ಇದು ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತಿದ ತಕ್ಕಡಿ. ಅದರಲ್ಲಿ ಒಂದು ಸಲ ತೂಗಿದರೂ ತಪ್ಪು, ಸಾವಿರ ಸಲ ತೂಗಿದರೂ ಅಷ್ಟೇ ತಪ್ಪು. ತೂಗಿದ ಲೆಕ್ಕ ಹೆಚ್ಚಾದಷ್ಟೂ ತಪ್ಪು ಗಟ್ಟಿಯಾಗುತ್ತ ಹೋಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅಂಕಿ-ಅಂಶಗಳ ರಾಶಿ ಕಂಡು ನಾವು ಮರುಳಾಗಬಾರದು ಎನ್ನುವುದು ಇದಕ್ಕೇ.

ಇನ್ನೊಂದು ಮುಖವನ್ನೂ ಹೇಳಬೇಕು. ಇದೇ ಸ್ಟಾರ್ಟ್ ಅಧ್ಯಕ್ಷತೆಯ ಸಮಿತಿ 1928ರಿಂದ 1930ರವರೆಗೆ ಮುಂಬಯಿ ಪ್ರಾಂತದ ಹಿಂದುಳಿದ ವರ್ಗಗಳ ಸ್ಥಿತಿಯನ್ನು ಪರಿಶೀಲಿಸಿತು. ಡಾ. ಅಂಬೇಡ್ಕರ್ ಅದರ ಸದಸ್ಯರಾಗಿದ್ದರು. ಅಧಿಕಾರಿ ಅವನೇ, ಪ್ರಾಂತ ಅದೇ. ಆದರೆ ಪ್ರಶ್ನೆ ‘ಇವರನ್ನು ಹಿಡಿದಿಡುವುದು ಹೇಗೆ’ ಎಂಬುದರಿಂದ ‘ಇವರಿಗೆ ಏನು ಸಿಕ್ಕಿಲ್ಲ’ ಎಂಬುದಕ್ಕೆ ತಿರುಗಿತ್ತು. ತೊಂದರೆ ಇರುವುದು ಸಂಶೋಧಕನ ದುಷ್ಟತನದಲ್ಲಿ ಅಲ್ಲ, ಅವನ ಕೈಗೆ ಕೊಟ್ಟ ಪ್ರಶ್ನೆಯಲ್ಲಿ.

ಮುಚ್ಚಿದ ಕೋಣೆಯ ವಿಚಾರಣೆ

1918ರಲ್ಲಿ ನ್ಯಾಯಮೂರ್ತಿ ರೌಲಟ್ ಸಮಿತಿ ಭಾರತದ ಕ್ರಾಂತಿಕಾರಿ ಚಳುವಳಿಗಳ ಮೇಲೆ ವರದಿ ಕೊಟ್ಟಿತು. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ವಿವರಗಳು ಬಹುಮಟ್ಟಿಗೆ ಸರ್ಕಾರದ ಕಡತಗಳಿಂದ ಬಂದವು. ಸಮಿತಿಯ ಮುಂದಿದ್ದ ಕೆಲಸವೇ ಪಿತೂರಿಗಳ ಸ್ವರೂಪವನ್ನು ತಿಳಿಸಿ, ಅಗತ್ಯವಾದರೆ ಕಾನೂನು ಸೂಚಿಸುವುದು. ಬಂಗಾಳದ ವಿಭಜನೆ ಸರಿಯೇ, ಪತ್ರಿಕೆಗಳ ಬಾಯಿಗೆ ಬೀಗ ಹಾಕಿದ್ದು ಸರಿಯೇ ಎಂದು ತೂಗಿನೋಡುವುದು ಅದರ ಪಾಲಿಗೆ ಬಂದಿರಲಿಲ್ಲ. 1919ರ ಮಾರ್ಚಿನಲ್ಲಿ ರೌಲಟ್ ಕಾಯ್ದೆ, ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್.

1942ರ ಚಳುವಳಿಯಲ್ಲಿ ಧಾರವಾಡ ಜಿಲ್ಲೆಯುದ್ದಕ್ಕೂ ತಂತಿ ಕಡಿದರು, ಗ್ರಾಮ ದಫ್ತರಗಳನ್ನು ಸುಟ್ಟರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ಇಟ್ಟಿದ್ದ ಕಡೆ ನುಗ್ಗಿದ ಮೈಲಾರ ಮಹಾದೇವಪ್ಪನವರು ಇಬ್ಬರು ಸಂಗಾತಿಗಳೊಡನೆ ಗುಂಡಿಗೆ ಬಲಿಯಾದರು. ಇದಕ್ಕೆ ಕೆಲವೇ ವಾರಗಳ ಹಿಂದೆ, ಫೆಬ್ರವರಿಯಲ್ಲಿ, ಭಾರತ ಸರ್ಕಾರದ ಗೃಹ ಇಲಾಖೆ ಗಲಭೆಗಳ ಹೊಣೆ ಕಾಂಗ್ರೆಸ್ಸಿನದೆಂದು ಸಾಧಿಸುವ ಪುಸ್ತಕವನ್ನೇ ಪ್ರಕಟಿಸಿತ್ತು. ಆಗ ಗಾಂಧೀಜಿ ಆಗಾ ಖಾನ್ ಅರಮನೆಯಲ್ಲಿ ಬಂಧಿಯಾಗಿದ್ದರು. ಅಲ್ಲಿಂದಲೇ ಅವರು ಆಪಾದನೆಗಳಿಗೆ ಒಂದೊಂದಾಗಿ ಉತ್ತರ ಬರೆದರು. ಆರೋಪಿ ಜೈಲಿನಲ್ಲಿ, ಆರೋಪದ ಪುಸ್ತಕ ಪೇಟೆಯಲ್ಲಿ. ವಿದ್ವತ್ತಿನ ವೇಷ ತೊಟ್ಟ ಸರ್ಕಾರಿ ವಾದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇಂದಿನ ಸಂಸ್ಥೆಗಳು

1970ರ ದಶಕದಿಂದೀಚೆಗೆ ಭಯೋತ್ಪಾದನೆಯ ಅಧ್ಯಯನ ಜಗತ್ತಿನಾದ್ಯಂತ ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಯಿತು. ಆದರೆ ಶಾಸ್ತ್ರಕ್ಕೆ ಮೊದಲು ಬೇಕಾದ ವ್ಯಾಖ್ಯೆಯೇ ಕೂಡಿಬರಲಿಲ್ಲ. ಡಚ್ ವಿದ್ವಾಂಸ ಅಲೆಕ್ಸ್ ಷ್ಮಿಡ್ 1980ರ ದಶಕದಲ್ಲಿ 109 ವ್ಯಾಖ್ಯೆಗಳನ್ನು ಕಲೆಹಾಕಿದರು. ಸಮಗ್ರ ಒಪ್ಪಂದವೊಂದನ್ನು ಭಾರತ 1996ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟಿತು. ಅದು ಇಂದಿಗೂ ಅಂಗೀಕಾರವಾಗಿಲ್ಲ.

ವ್ಯಾಖ್ಯೆ ಇಲ್ಲದ ಕಡೆ ಅನುಕೂಲಕ್ಕೆ ತಕ್ಕ ಎಣಿಕೆ ನಡೆಯುತ್ತದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಬೆಳೆಸಿದ ಜಾಗತಿಕ ಭಯೋತ್ಪಾದನಾ ದತ್ತಾಂಶಕೋಶದಲ್ಲಿ 1970ರಿಂದೀಚಿನ ಎರಡು ಲಕ್ಷಕ್ಕೂ ಹೆಚ್ಚು ಘಟನೆಗಳಿವೆ. ಬಹಳ ಉಪಯುಕ್ತವಾದ ಕೆಲಸ. ಆದರೆ ಅದರ ಮೊದಲ ಭಾಗವನ್ನು ಕೂಡಿಹಾಕಿದ್ದು ಪಿಂಕರ್‌ಟನ್ ಎಂಬ ಖಾಸಗಿ ಭದ್ರತಾ ಕಂಪನಿ. ಸರ್ಕಾರಗಳು ತಾವೇ ನಡೆಸುವ ಹಿಂಸೆಯನ್ನು ಸೇರಿಸುವುದಿಲ್ಲ ಎಂಬುದು ಅದರ ನಿಯಮ. ಆ ನಿಯಮವನ್ನು 1858ಕ್ಕೆ ಹಚ್ಚಿ ನೋಡಿ. ಡಂಬಳದ ಖಜಾನೆ ಒಂದು ಘಟನೆ. ಸುರೇಬಾನ ಇನ್ನೊಂದು. ಹಲಗಲಿಯ 19 ನೇಣುಗಳು ಮತ್ತು ಕೊಪ್ಪಳದ ಮರಣದಂಡನೆಗಳು ಕೋಷ್ಟಕದಲ್ಲಿ ಬರುವುದೇ ಇಲ್ಲ. ಯಾರೂ ಸುಳ್ಳು ಬರೆದಿಲ್ಲ, ಆದರೂ ಚಿತ್ರ ಅರ್ಧ.

ಕೆಲವೊಮ್ಮೆ ಸುಳ್ಳೂ ಸೇರುತ್ತದೆ. 1981ರಲ್ಲಿ ಕ್ಲೇರ್ ಸ್ಟರ್ಲಿಂಗ್ ಎಂಬ ಪತ್ರಕರ್ತೆ ಜಗತ್ತಿನ ಭಯೋತ್ಪಾದನೆಯ ಹಿಂದೆ ಸೋವಿಯತ್ ಒಕ್ಕೂಟದ ಕೈವಾಡವಿದೆಯೆಂದು ಪುಸ್ತಕ ಬರೆದರು. ಅಮೆರಿಕದ ಹಿರಿಯರಿಗೆ ಅದು ಬಹಳ ಹಿಡಿಸಿತು. ಅದರಲ್ಲಿನ ಕೆಲವು ಸಂಗತಿಗಳು ತಮ್ಮದೇ ಸಿ.ಐ.ಎ. ಯೂರೋಪಿನ ಪತ್ರಿಕೆಗಳಲ್ಲಿ ಹಬ್ಬಿಸಿದ್ದ ಅಪಪ್ರಚಾರವೆಂದು ತಾವು ಮೇಲಿನವರಿಗೆ ತಿಳಿಸಿದ್ದಾಗಿ ಆಗ ಅಲ್ಲಿದ್ದ ವಿಶ್ಲೇಷಕ ಮೆಲ್ವಿನ್ ಗುಡ್‌ಮನ್ ಮುಂದೆ ಹೇಳಿದರು. ತಾನೇ ಬಿತ್ತಿದ್ದನ್ನು ತಾನೇ ಸಂಶೋಧನೆಯೆಂದು ಕೊಯ್ದಂತಾಯಿತು. ಇನ್ನು ನೆಲ್ಸನ್ ಮಂಡೇಲಾ: ನೊಬೆಲ್ ಪ್ರಶಸ್ತಿ ಪಡೆದು, ರಾಷ್ಟ್ರಾಧ್ಯಕ್ಷರಾಗಿ ನಿವೃತ್ತರಾದ ಮೇಲೂ 2008ರವರೆಗೆ ಅಮೆರಿಕದ ಭಯೋತ್ಪಾದಕರ ನಿಗಾ ಪಟ್ಟಿಯಲ್ಲಿ ಅವರ ಹೆಸರಿತ್ತು.

ಧರ್ಮದ ಹೆಸರಿನಲ್ಲಿ ಜನರನ್ನು ಖಾನೆಗಳಿಗೆ ಹಾಕುವ ಅಧ್ಯಯನಗಳನ್ನೂ ನೀವು ನೋಡಿರುತ್ತೀರಿ. ಇಂಥ ಖಾನೆಗಳನ್ನು ಹಿಡಿದು ಶಿರಹಟ್ಟಿಗೆ ಬಂದವರು ಫಕೀರೇಶ್ವರ ಮಠವನ್ನು ಯಾವುದರಲ್ಲಿ ಬರೆದುಕೊಳ್ಳುತ್ತಾರೆ? ಎರಡೂ ಧರ್ಮದ ಭಕ್ತರು ನಡೆದುಕೊಳ್ಳುವ ಗದ್ದುಗೆ ಅದು. ಜನಜೀವನ ಖಾನೆಗಿಂತ ದೊಡ್ಡದು ಎನ್ನುವುದಕ್ಕೆ ಈ ಸೀಮೆಯಲ್ಲಿ ಗ್ರಂಥ ತಿರುವಬೇಕಾಗಿಲ್ಲ.

ಹಾಗಾದರೆ ಏನು ಮಾಡಬೇಕು?

ಭಯೋತ್ಪಾದನೆಯ ಅಧ್ಯಯನವೇ ಬೇಡವೆಂದು ನಾನು ಹೇಳುತ್ತಿಲ್ಲ. ಬಾಂಬಿಗೆ ಬಲಿಯಾದವರ ಮನೆಯ ದುಃಖ ವ್ಯಾಖ್ಯೆಗಾಗಿ ಕಾಯುವುದಿಲ್ಲ. ಪಕ್ಷಪಾತ ಸರ್ಕಾರದ ಕಡೆಯವರಿಗೆ ಮಾತ್ರ ಅಂಟಿದ ರೋಗವೂ ಅಲ್ಲ. ನಾವು ಮುಂಡರಗಿ ಭೀಮರಾಯರ ಸಾಹಸವನ್ನು ಹೇಳುವಾಗ ಹಮ್ಮಿಗಿಯಲ್ಲಿ ಕಾವಲಿಗೆ ಕೂತು ಸತ್ತವರು ಯಾರ ಮಕ್ಕಳೆಂದು ಕೇಳುವುದಿಲ್ಲ. ಮ್ಯಾನ್ಸನ್‌ನ ತಲೆಯನ್ನು ನರಗುಂದದ ಬಾಗಿಲಿಗೆ ತೂಗುಹಾಕಿದ್ದನ್ನು ನಮ್ಮ ಭಾಷಣಗಳು ಹಾರಿಸಿಬಿಡುತ್ತವೆ. ನಮಗೆ ಪ್ರಿಯರಾದವರ ಲೆಕ್ಕದಲ್ಲಿ ಕಡಿಮೆ ತೂಗುವ ತಕ್ಕಡಿಯೂ ಕಳ್ಳ ತಕ್ಕಡಿಯೇ.

ಸರ್ಕಾರದ ವಾಹಿನಿಯಲ್ಲಿ ದುಡಿಯುವ ನಾನು ಇದನ್ನು ಬರೆಯುತ್ತಿದ್ದೇನೆ ಎಂಬುದನ್ನೂ ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನನ್ನ ಸಂಬಳ ಎಲ್ಲಿಂದ ಬರುತ್ತದೆಂದು ನಿಮಗೆ ಗೊತ್ತಿದೆ. ಅಷ್ಟೇ ಸ್ಪಷ್ಟವಾಗಿ ಪ್ರತಿಯೊಂದು ಸಂಸ್ಥೆಯ ಹಣದ ಮೂಲ ಗೊತ್ತಿರಬೇಕೆಂಬುದು ನನ್ನ ಮಾತು. ಮುಂದಿನ ಸಲ ತಜ್ಞರೊಬ್ಬರು ಅಂಕಿ ಹೇಳಿದಾಗ ಕೇಳಿ: ಈ ಲೆಕ್ಕ ಎಲ್ಲಿಂದ ಆರಂಭವಾಗುತ್ತದೆ? ಯಾರ ಹಿಂಸೆಯನ್ನು ಇದು ಎಣಿಸಿಲ್ಲ? ಯಾರನ್ನು ಕುರಿತು ಬರೆದರೋ ಅವರನ್ನು ಮಾತನಾಡಿಸಿದ್ದಾರೆಯೆ? ಉತ್ತರ ಸಿಗುವ ಸಂಸ್ಥೆಯನ್ನು ನಂಬಿ. ಪ್ರಶ್ನೆ ಕೇಳಿದವರನ್ನೇ ದೇಶದ್ರೋಹಿಗಳೆಂದೋ, ಸರ್ಕಾರದ ಬಾಲಬಡುಕರೆಂದೋ ಕರೆಯುವ ಸಂಸ್ಥೆಯ ವಿಷಯದಲ್ಲಿ ಎಚ್ಚರವಿರಲಿ.

ಏಕೆಂದರೆ ಕಡತದ ಮಾತು ಕಡತದಲ್ಲಿಯೇ ಉಳಿಯುವುದಿಲ್ಲ. ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಮುಂಬಯಿ ಪ್ರಾಂತ 1949ರಲ್ಲಿ, ದೇಶ 1952ರಲ್ಲಿ ರದ್ದುಮಾಡಿತು. ಆದರೂ ಅದರ ನೆರಳು ಜೈಲಿನ ಕೈಪಿಡಿಗಳಲ್ಲಿ ಎಷ್ಟು ಕಾಲ ಉಳಿದಿತ್ತೆಂದರೆ, ಜಾತಿ ನೋಡಿ ಕೆಲಸ ಹಂಚುವ ಜೈಲು ನಿಯಮಗಳನ್ನು ತಳ್ಳಿಹಾಕುತ್ತ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ವಿಮುಕ್ತ ಬುಡಕಟ್ಟುಗಳಿಗೆ ಅಂಟಿಸಿದ ಕಳಂಕದ ಬಗ್ಗೆಯೂ ಮಾತನಾಡಬೇಕಾಯಿತು.

ಗಂಟಿಚೋರ ಎಂಬ ಹೆಸರನ್ನು ಬಿಡಿಸಿ ಓದಿ. ಗಂಟು ಕದಿಯುವವನು ಎಂದು ಅರ್ಥ. ಪೊಲೀಸ್ ಕೈಪಿಡಿಯಲ್ಲಿದ್ದ ಆ ಹೆಸರು ಇಂದು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಆ ಸಮುದಾಯದ ಹುಡುಗಿಯೊಬ್ಬಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾದರೆ, ತನ್ನನ್ನು ಕಳ್ಳಿಯೆಂದು ಕರೆಯುವ ಪ್ರಮಾಣಪತ್ರವನ್ನು ತಹಶೀಲ್ದಾರರ ಕಚೇರಿಯಲ್ಲಿ ಸಾಲು ನಿಂತು ಪಡೆಯಬೇಕು.